ಇಪ್ಪತ್ತೇಳೂವರೆ ಕೇಜಿ

ಸಿದ್ದಾಪುರದಿಂದ ಆರು ಮೈಲಿ ಒಳಗೆ, ಈ ಎಸ್ಟೇಟಿನಲ್ಲಿ
ನಾನು ರೈಟರು.
ಹಾಗಂದರೆ ಬರೆಯುವವನೇ ಹೌದು, ಆದರೆ ಕೇಜಿ ಮಾತ್ರ.
ಸಂಜೆ ನಾಲ್ಕೂವರೆಗೆ ಕಣದಂಚಿನಲ್ಲಿ ತಕ್ಕಡಿ ನೇತುಹಾಕಿ
ಯಾರ ಚೀಲ ಎಷ್ಟು, ಎಲೆ ಕಡ್ಡಿಗೆ ಎಷ್ಟು ವಜಾ,
ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಸಾಹಿತ್ಯ.

ಮೇಲಿನ ಬಂಗಲೆ ಈಗ ಅತಿಥಿಗಳಿಗೆ.
ರಾತ್ರಿಯೊಂದಕ್ಕೆ ಹನ್ನೊಂದು ಸಾವಿರ, ತಿಂಡಿ ಸೇರಿ,
ಬೆಂಕಿ ಕಾಯಿಸುವುದಕ್ಕೆ ಬೇರೆ.
ಕ್ರಿಸ್ಮಸ್ ರಜೆಗೆ ಬಂದಿತ್ತು ಹುಬ್ಬಳ್ಳಿಯ ಒಂದು ಸಂಸಾರ.
ಅಪ್ಪನಿಗೆ ಅಲ್ಲಿ ಟೈಲ್ಸಿನ ಅಂಗಡಿ,
ಎಂಟು ವರ್ಷದ ಒಬ್ಬನೇ ಮಗ, ಶ್ರೇಯಾಂಕ.

ಮೊದಲ ದಿನ ದುಬಾರೆ. ಆನೆ ಮೀಯುವುದನ್ನು
ಹುಡುಗ ನೋಡಿದನಂತೆ, ಆಕಳಿಸಿದನಂತೆ.
ಎರಡನೇ ದಿನ ಜೀಪು, ಮಾಂದಲಪಟ್ಟಿ, ಮಂಜು;
ವಾಂತಿ.
"ಇಷ್ಟ್ ಖರ್ಚ್ ಮಾಡಿ ಕರ್ಕೊಂಡ್ ಬಂದೀವಿ,
ನಗಾಕ್ ಏನ್ ಧಾಡಿ ನಿನಗ?"
ಅಪ್ಪನ ದನಿ ಬಂಗಲೆಯ ಮೆಟ್ಟಿಲಿಳಿದು ಕಣದವರೆಗೂ ಬಂತು,
ಹಿಂದೆಯೇ ಹುಡುಗನೂ ಬಂದ.

ತೂಕದ ಹೊತ್ತು. ಹೆಂಗಸರ ಸಾಲು.
ಸಾಲಿನ ತುದಿಗೆ ಎಂದಿನಂತೆ ಮಕ್ಕಳದೊಂದು ಬಾಲ:
ನನ್ನ ಮಗಳು ಪೂವಿ, ಲೈನ್ ಮನೆಯ ಬೊಳ್ಳಿ, ಅವಳ ತಮ್ಮ.
ಚೀಲಗಳೆಲ್ಲ ಮುಗಿದ ಮೇಲೆ
ಕೊಕ್ಕೆಗೆ ನೇತುಬೀಳುವ ಹಕ್ಕು ಅವರದು.
ಕೊಟ್ಟದ್ದು ನಾನಲ್ಲ, ಅವರೇ ತೆಗೆದುಕೊಂಡದ್ದು.

"ನನ್ನೂ ತೂಗ್ರಿ ಅಂಕಲ್."

ಖಾಲಿ ಗೋಣಿಯಲ್ಲಿ ಕೂರಿಸಿ ಕೊಕ್ಕೆಗೆ ಸಿಕ್ಕಿಸಿದೆ.
ಕಾಲು ನೆಲ ಬಿಟ್ಟಿತು. ಮುಳ್ಳು ನಡುಗಿ ನಿಂತಿತು.
ಇಪ್ಪತ್ತೇಳು.
"ಕೇಜಿಗೆ ಐದು, ನೂರ ಮೂವತ್ತೈದು!" ಬೊಳ್ಳಿ ಕೂಗಿದಳು,
ಅವ್ವನ ಕೂಲಿ ಲೆಕ್ಕ ಹಾಕಿ ಹಾಕಿ ಪಳಗಿದ ನಾಲಿಗೆ.
"ಎಲೆ ಕಡ್ಡಿ ಕಳೀಬೇಕು" ಎಂದಳು ಪೂವಿ,
ಅವನ ಕೂದಲಿಂದ ಸಿಲ್ವರ್ ಓಕ್ ಎಲೆಯೊಂದನ್ನು ಹೆಕ್ಕುತ್ತ.
ಗೋಣಿಯೊಳಗಿಂದ ಹೊರಟಿತು ನೋಡಿ ನಗು,
ಮೊದಲು ಬಿಕ್ಕಳಿಕೆ ಅಂದುಕೊಂಡೆ.

ಮೂರನೇ ದಿನಕ್ಕೆ ಅಬ್ಬಿ, ಭಾಗಮಂಡಲ ಎಲ್ಲ ಇತ್ತು ಪಟ್ಟಿಯಲ್ಲಿ.
ಹುಡುಗ ಕಣ ಬಿಟ್ಟು ಕದಲಲಿಲ್ಲ.
ಹರಡಿದ ಹಣ್ಣಿನಲ್ಲಿ ಕಾಲೆಳೆದು ಎಳೆದು ಗೆರೆ ಹಾಕುವುದು,
ನಮಗದು ಕೆಲಸ; ಅವನಿಗೆ ಹಳಿ.
ಹುಬ್ಬಳ್ಳಿ ಜಂಕ್ಷನ್ನು ನೀರಿನ ಡ್ರಮ್ಮಿನ ಪಕ್ಕ,
ಧಾರವಾಡದಲ್ಲಿ ಪೂವಿ ಕೈಯೆತ್ತಿ ಸಿಗ್ನಲ್ಲಾಗಿ ನಿಂತಳು,
ಬೊಳ್ಳಿ ಇಂಜಿನ್ನು. ಅವಳ ತಮ್ಮ ಗೂಡ್ಸ್ ಗಾಡಿ,
ಹಾಗಾಗಿ ಯಾವಾಗಲೂ ತಡ.
ರೈಲೇ ಇಲ್ಲದ ನಮ್ಮ ಜಿಲ್ಲೆಗೆ
ಆ ದಿನ ರೈಲು ಬಂತು.

ನಡುವೆ ಒಂದು ಮಾತು, ಮುಚ್ಚಿಡಬಾರದು:
ಬೊಳ್ಳಿ ಅವನ ಹತ್ತಿರ ವಿಚಾರಿಸಿದ್ದು ಬಂಗಲೆಯ ಈಜುಕೊಳ.
"ನೀರು ಬೆಚ್ಚಗಿರ್ತದಾ? ನೀಲಿ ಕೈಗೆ ಅಂಟ್ತದಾ?"
ಅವನು ಯೋಚಿಸಿ, "ಗೊತ್ತಿಲ್ಲ, ನಾ ಇಳದಿಲ್ಲ" ಅಂದ.
ಆಗ ಅವಳು ಅವನನ್ನು ನೋಡಿದ ನೋಟಕ್ಕೆ
ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ.

ಹೊರಡುವ ಬೆಳಿಗ್ಗೆ, ಮೇಲೆ ಕಾರು ಹಾರ್ನ್ ಹೊಡೆಯುತ್ತಿರುವಾಗ
ಓಡಿ ಬಂದ: "ಇನ್ನೊಮ್ಮೆ ತೂಗ್ರಿ."
ಇಪ್ಪತ್ತೇಳೂವರೆ.
ಎರಡೇ ದಿನಕ್ಕೆ ಅರ್ಧ ಕೇಜಿ? ಜೇಬು ಖಾಲಿ ಮಾಡಿಸಿದೆ.
ಬಾಡಿದ ಒಂದು ಹಿಡಿ ಕಾಫಿ ಹಣ್ಣು,
ಗೋಣಿ ಹೊಲಿಯುವ ದಾರದ ಉಂಡೆ,
ಗೂಡ್ಸ್ ಗಾಡಿ ಕಚ್ಚಿ ರುಚಿ ನೋಡಿ ಕೊಟ್ಟ ಕಿತ್ತಳೆ,
ಕಾಡುಹಂದಿಯ ಹಲ್ಲೆಂದು ಪೂವಿ ನಂಬಿಸಿದ ಬಿಳಿ ಕಲ್ಲು.

ಎಸ್ಟೇಟಿನ ಮಾಲು. ರೂಲಿನ ಪ್ರಕಾರ ವಾಪಸು ಹಾಕಿಸಬೇಕು.
"ಎಲೆ ಕಡ್ಡಿಗೆ ಅರ್ಧ ಕೇಜಿ ವಜಾ" ಎಂದು ಬರೆದೆ.
ಜೇಬು ಅವನೇ ಮತ್ತೆ ತುಂಬಿಕೊಂಡ.

ಅಷ್ಟರಲ್ಲಿ ಅಪ್ಪ ಇಳಿದು ಬಂದರು, ಕೈಯಲ್ಲಿ ಪರ್ಸು:
"ಇಲ್ಲೇನರ ಕೊಡೂದೈತೇನ್ರಿ?"
"ಕೊಡೂದಲ್ಲಪ್ಪಾ, ಬರೂದೈತಿ," ಎಂದ ಹುಡುಗ,
"ನೂರ ಮೂವತ್ತೈದು."
ಅವರು ನನ್ನ ಮುಖ ನೋಡಿದರು.
ನಾನು ಪುಸ್ತಕ ನೋಡಿದೆ.

ಸಂಜೆ ಕಣ ಗುಡಿಸಲು ಬಂದವರಿಗೆ ಹೇಳಿದೆ,
ಡ್ರಮ್ಮಿನ ಪಕ್ಕದ ಆ ಗೆರೆ ಒಂದೆರಡು ದಿನ ಇರಲಿ,
ಗೂಡ್ಸ್ ಇನ್ನೂ ಬಂದಿಲ್ಲ.