ಎಮರೆನ್ಸಿಯಾ ಸಿಸ್ಟರು ಕರಡಿಗೋಡಿಗೆ ಬಂದದ್ದು

ಜೀಪಿನ ಹಿಂದಿನ ಸೀಟಿನಲ್ಲಿ ಬಾಳೆದಿಂಡು, ಚೆಂಡುಹೂ,
ಮಡಿಲಲ್ಲಿ ಅಡಿಗೆಮನೆಯ ಚಾಕು.
ಎಪ್ಪತ್ತಾರರ ಎಮರೆನ್ಸಿಯಾ ಸಿಸ್ಟರು
ವಿರಾಜಪೇಟೆಯ ಕಾನ್ವೆಂಟಿನಿಂದ ಹೇಳದೆ ಹೊರಟಿದ್ದರು.
ಕೇಳಿದರೆ ಕ್ಯಾರಲ್ ಅಭ್ಯಾಸ ಅನ್ನು ಪಾಸ್ಕಲ್,
ಸುಳ್ಳಿನ ಪಾಪ ನನ್ನ ಲೆಕ್ಕಕ್ಕೆ ಬರಕೊ.

ಇಪ್ಪತ್ಮೂರು ವರ್ಷ ಥಾಯ್ಲೆಂಡಿನ ಬಡಗಣ ಗುಡ್ಡಗಳಲ್ಲಿ
ಯೇಸುವಿನ ಸುದ್ದಿ ಹೇಳಿ ಬಂದವರು.
ಅಮ್ಮತ್ತಿ ದಾಟುವಾಗ, ಕಿಟಕಿಯ ಕಡೆ ಮುಖ ಮಾಡಿ, ಶುರು ಮಾಡಿದರು:
ಕ್ರಿಸ್ಮಸ್ಸಿಗೆ ಊರಿಗೆ ಊರೇ ಬರುತ್ತಿತ್ತು ಮಗಾ.
ಚಳಿ, ಬೆಂಕಿ, ಬಿದಿರ ಕೊಳವೆಯಲ್ಲಿ ಬೆಂದ ಅಂಟಕ್ಕಿ.
ಗೋದಲಿಯ ಕತೆ ಮುಗಿದ ಮೇಲೆ ಮುದುಕರು
'ಒಳ್ಳೇ ಕೂಸು ಅದು' ಎಂದು ಕೈ ಜೋಡಿಸಿ
ಬುದ್ಧನ ಗುಡಿಯ ದಾರಿಯಲ್ಲೇ ಮನೆಗೆ ಹೋಗುತ್ತಿದ್ದರು.
ಏಪ್ರಿಲ್ಲಿನಲ್ಲಿ, ಇಲ್ಲಿಯ ಎಡಮ್ಯಾರಿನ ಹೊತ್ತಿಗೇ,
ಅವರಿಗೂ ವರ್ಷ ಹುಟ್ಟುತ್ತಿತ್ತು.
ನನ್ನ ಅಂಗೈಗೆ ಮಲ್ಲಿಗೆ ನೀರು ಹೊಯ್ದು
ಹರಸು ಅನ್ನುತ್ತಿದ್ದರು. ನಾನಾಗ ಮೂವತ್ತರವಳು.
ಯಾರು ಯಾರನ್ನು ಹರಸಬೇಕು?

ಬಿಷಪ್ಪರಿಗೆ ವರ್ಷಕ್ಕೊಂದು ವರದಿ.
ಅದರಲ್ಲೊಂದು ಖಾನೆ: ಹೊಸದಾಗಿ ಸೇರಿದವರು ಎಷ್ಟು.
ಒಮ್ಮೆ ಏಳು ಅಂತ ಬರೆದೆ. ಒಬ್ಬ ವಾಪಸು ಹೋದ.
ಆರು ಅಂತ ತಿದ್ದಿದೆ.
ತಿದ್ದಿದ್ದು ಎದ್ದು ಕಾಣುತ್ತಿತ್ತು.

ಕರಡಿಗೋಡಿನ ತಿರುವಿನಲ್ಲಿ ಇಬ್ಬರು ಕಾಯುತ್ತಿದ್ದರು,
ರೆಸಾರ್ಟಿನಲ್ಲಿ ಮೈ ನೀವುವ ಕೆಲಸದ ಬುವಾ ಮತ್ತು ಕೇವ್,
ಸಮವಸ್ತ್ರದ ಮೇಲೆ ಉಣ್ಣೆಯ ಟೋಪಿ.
ಸಿಸ್ಟರು ಬಾಯಿ ತೆರೆದದ್ದೇ ತಡ
ಹುಡುಗಿಯರು ನಕ್ಕು ನಕ್ಕು ಕೂತುಬಿಟ್ಟರು.
ಈ ಅಜ್ಜಿಯದು ಮುತ್ತಜ್ಜಿಯ ಕಾಲದ ಮಾತಂತೆ,
ಗುಡ್ಡದವರ ಉಚ್ಚಾರವಂತೆ.
ಅವರೂ ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡರು.

ಆ ವರ್ಷ ಅವರ ದೀಪದ ಹುಣ್ಣಿಮೆ, ನಮ್ಮ ಹುತ್ತರಿ
ಒಂದೇ ಚಂದ್ರನಿಗೆ ಬಿದ್ದಿದ್ದವು.
ಗದ್ದೆಯಾಚೆ ಬೆಳ್ಯಪ್ಪನವರ ಮನೆಯಲ್ಲಿ ನೆರೆ ಕಟ್ಟುತ್ತಿದ್ದರು,
ಎಲೆಯ ಮೇಲೆ ಎಲೆ.
ಹೊಳೆದಡದಲ್ಲಿ ಸಿಸ್ಟರು ಬಾಳೆಲೆ ಮಡಚುತ್ತಿದ್ದರು,
ಒಂದು ಮಡಿಕೆ, ಕಡ್ಡಿ ಚುಚ್ಚು, ಇನ್ನೊಂದು ಮಡಿಕೆ.
ಕಲಿಸೋಕೆ ಹೋಗಿ ಕಲಿತದ್ದು ಇದೊಂದು, ಅಂದರು,
ಹಲ್ಲಿಲ್ಲದ ಒಬ್ಬಳು ಹೇಳಿಕೊಟ್ಟಳು.
ಅವಳು ಸೇರಲಿಲ್ಲ.

ನೀರಿಗೆ ದೀಪ ಯಾಕೆ ಎಂದು ಕೇಳಿದೆ.
ವರ್ಷವಿಡೀ ನಿನ್ನ ತುಳಿದೆವು, ಕೊಳಕು ಮಾಡಿದೆವು, ಮನ್ನಿಸು, ಅಂತ.
ಅವರ ನೀರಿನ ತಾಯಿಗೂ ಗಂಗೆಯ ಹೆಸರೇ,
ನಾಲಗೆ ತುಸು ಹೊರಳಿದೆ, ಅಷ್ಟೆ.

ನನಗೆ ಸಿಟ್ಟು ಬಂತು.
ಆಗಸ್ಟಿನಲ್ಲಿ ಇದೇ ಕಾವೇರಿ ನನ್ನ ಅಕ್ಕನ ಮನೆಯನ್ನು
ಗೋಡೆ, ಹಂಚು, ಹೊಲಿಗೆ ಮಿಷನ್ ಸಮೇತ ಕೊಂಡೊಯ್ದಿದ್ದಳು.
ಅತ್ತಿಮರದಲ್ಲಿ, ಆಳೆತ್ತರಕ್ಕೂ ಮೇಲೆ,
ಯಾರದೋ ಸೀರೆ ಇನ್ನೂ ನೇತಾಡುತ್ತಿತ್ತು.
ಕ್ಷಮೆ ಮೊದಲು ಅವಳು ಕೇಳಲಿ, ಅಂದೆ.

ಸಿಸ್ಟರು ವಾದಿಸಲಿಲ್ಲ. ಮಾತನ್ನು ಬುವಾಳಿಗೆ ದಾಟಿಸಿದರು.
ಬುವಾ ತುಸು ಹೊತ್ತು ಸೀರೆಯನ್ನು ನೋಡಿದಳು.
ಚೀಲದಿಂದ ಉಗುರು ಕತ್ತರಿ ತೆಗೆದು
ತನ್ನದೊಂದು ಚೂರು ದಿಂಡಿನ ಮೇಲಿಟ್ಟು, ನನ್ನತ್ತ ಚಾಚಿದಳು.
ವರ್ಷದ ಕೇಡು ಅದರ ಜೊತೆ ಹೋಗುತ್ತದಂತೆ.
ಕ್ಷಮೆ ಬೇಡ, ಉಗುರು ಸಾಕಂತೆ.

ಆಗ ಗದ್ದೆಯಲ್ಲಿ ಕೋವಿ ಹಾರಿತು.
ಕದಿರು ಕೊಯ್ದರು. ಪೊಲಿ, ಪೊಲಿ ಎಂಬ ಕೂಗು
ಮಂಜಿನ ಮೇಲೆ ತೇಲಿ ಬಂತು.
ಕೇವ್ ಬೆಚ್ಚಿ ಸಿಸ್ಟರ ಜಪಸರ ಹಿಡಿದುಕೊಂಡಳು,
ಭಕ್ತಿಗಲ್ಲ, ಕೈಗೆ ಸಿಕ್ಕಿದ್ದು ಅದೇ.

ದೋಣಿ ನಡುಹೊಳೆಗೆ ಹೋಗಲಿಲ್ಲ.
ಮುರಿದ ಬಿದಿರಮೆಳೆಗೆ ಸಿಕ್ಕಿಕೊಂಡು, ಅಲ್ಲೇ ಉರಿಯಿತು.
ಮರದ ನೆರಳಲ್ಲಿ ಸಿಸ್ಟರು
ಶಿಲುಬೆ ಗುರುತು ಹಾಕಿಕೊಂಡರೋ, ಸೆರಗು ಸರಿ ಮಾಡಿಕೊಂಡರೋ.
ಬೆಳ್ಯಪ್ಪನವರ ಮನೆಯ ಹುಡುಗ, ಯಾರು ಏನು ಕೇಳದೆ,
ಎಲೆಚೂರಿನಲ್ಲಿ ತಂಬಿಟ್ಟು ತಂದುಕೊಟ್ಟು ಓಡಿದ.

ಹಿಂದಿರುಗುವಾಗ ಹೊಸ ಫಾದರ್ ಫೋನು:
ಅಭ್ಯಾಸಕ್ಕೆ ಎಷ್ಟು ಜನ ಬಂದಿದ್ದರು?
ಸಿಸ್ಟರು ನನ್ನ ಮುಖ ನೋಡಿದರು.
ಅರ್ಧ ಕತ್ತರಿಸಿದ ಹೆಬ್ಬೆರಳ ಉಗುರು
ಸ್ಟೇರಿಂಗಿಗೆ ತಾಗಿ ಕರಕರ ಅನ್ನುತ್ತಿತ್ತು.
ನಾಲ್ಕು, ಅಂದೆ.
ಹಿಂದೆ ಮಿಕ್ಕ ಬಾಳೆದಿಂಡು
ತಿರುವಿಗೊಮ್ಮೆ ಆ ಕಡೆ, ತಿರುವಿಗೊಮ್ಮೆ ಈ ಕಡೆ
ಉರುಳುತ್ತಿತ್ತು.