ಒಂದು ಚುಕ್ಕಿ ಹಿಂದೆ

ಇಪ್ಪತ್ತೇಳು ವರ್ಷ ಗಂಜೊ
ನಿಂತಲ್ಲೇ ಕುಪ್ಪಳಿಸಿದ, ತೊಡೆ ತಟ್ಟಿದ, ಕಾಲು ಕೆರೆದ.
ಎಂಟು ಆಟ ಬಂದವು. ಎಂಟರಲ್ಲೂ
ಈ ಕಡೆ ಗೋಡೆ, ಆ ಕಡೆ ಗೋಡೆ,
ನೆತ್ತಿಯ ಮೇಲೆ ತೊಂಬತ್ತೊಂಬತ್ತರಿಂದ ಇಳಿಯುವ ಗಡಿಯಾರ.
ಹೊಡೆದರೆ ಗೆದ್ದ, ಹೊಡೆಸಿಕೊಂಡರೆ ಬಿದ್ದ,
ಎದ್ದರೆ ಮತ್ತೆ ಅದೇ ಗೋಡೆ.
ಹಿಂದೆ ಮೀನಂಗಡಿಯ ಮುದುಕಿ
ಎರಡೇ ಚಿತ್ರಗಳಲ್ಲಿ ಕೈ ಎತ್ತುತ್ತಿದ್ದಳು, ಇಳಿಸುತ್ತಿದ್ದಳು;
ಬಂಗಡೆ ಹೇಗೆ ಎಂದು
ಒಂದು ದಿನವೂ ಅವನಿಗೆ ಕೇಳಲಾಗಲಿಲ್ಲ.

ಈಗ ಅವನಿಗೊಂದು ನಡೆಯುವ ಆಟ.
ಹಳೇ ಕಾಲದ ಹಾಗಿರಲಿ ಎಂದರು ಮೇಲಿನವರು:
ಹದಿನಾರು ಬಣ್ಣ, ಕೀರಲು ಸಂಗೀತ,
ಬಲದಿಂದ ಎಡಕ್ಕೆ ಸರಿಯುವ ಊರು.
ಅದಕ್ಕೇ ಹತನಾಕಾ ಕಿನುಯೊ ಅವರನ್ನು
ನಿವೃತ್ತಿಯಿಂದ ಎಬ್ಬಿಸಿ ತಂದರು.
ಮಂಡಿಗೆ ಪಟ್ಟಿ, ಕಂಕುಳಲ್ಲಿ ಚೌಕುಳಿ ಹಾಳೆಯ ಕಟ್ಟು.
ಯಾರನ್ನೂ ಮಾತಾಡಿಸದೆ
ಪೆನ್ಸಿಲ್ ಕೆತ್ತಿಕೊಂಡು ಕೂತರು.

ನನ್ನ ಕೆಲಸ ತಪ್ಪು ಹುಡುಕುವುದು.
ಒಸಾಕಾದ ಒಂದು ನಾಲ್ಕನೇ ಮಹಡಿ, ರಾತ್ರಿ ಪಾಳಿ:
ಗೋಡೆಗೆ ನೂರು ಸಲ ಢಿಕ್ಕಿ ಹೊಡಿ,
ಹೊಂಡಕ್ಕೆ ಹಾರು, ಸಾಯಿ, ಬರೆದಿಡು.
ಮುನ್ನೂರ ಹನ್ನೆರಡನೇ ತಪ್ಪು ನಾನೇ ಬರೆದದ್ದು.
‘ನಡೆಯುವಾಗ ನಾಲ್ಕನೇ ಚಿತ್ರದಲ್ಲಿ
ಗಂಜೊನ ಎಡಗಾಲು ಒಂದು ಚುಕ್ಕಿ ಹಿಂದುಳಿಯುತ್ತದೆ.
ಸರಿಪಡಿಸಿ.’

ಉತ್ತರ ಬಂತು: ‘ಸರಿಯಿದೆ.’
ಮತ್ತೆ ಬರೆದೆ. ಮತ್ತೆ, ‘ಸರಿಯಿದೆ.’
ಮೂರನೇ ಸಲ ಅವರೇ ಬಂದು
ಡಬ್ಬಿ ಕಾಫಿಯೊಂದನ್ನು ನನ್ನ ಮೇಜಿಗಿಟ್ಟರು.
‘ಸೊಗಾಬೆ ಹೀಗೇ ನಡೀತಿದ್ದ.
ಮೊದಲನೇ ಆಟದ ಗುದ್ದುಗಳೆಲ್ಲ ಅವನ ಮೈಯವೇ.
ಕನ್ನಡಿ ಮುಂದೆ ಅವನು ಗುದ್ದೋದು, ನಾನು ಬರೆಯೋದು,
ಬೆಳಗಿನ ಜಾವದವರೆಗೆ.
ಅದರಲ್ಲಿ ನಡಿಗೆ ಎಲ್ಲಿತ್ತು, ಬರೀ ಜಾರಾಟ.
ಕಾಲು ಯಾರಿಗೂ ಗೊತ್ತಾಗಲಿಲ್ಲ.
ಕುಡಿ, ಆರುತ್ತೆ.’

ಕೇಳಬಹುದಿತ್ತು: ಇದ್ದಾರೆಯೇ ಅವರು,
ನಿಮಗೇನಾಗಬೇಕು.
ನನ್ನ ಬಾಯಿಗೆ ಬಂದದ್ದು ಕಸುಬಿನ ಮಾತು:
‘ಹಾಗಾದರೆ ಏಣಿ ಹತ್ತುವಾಗ ಏಕೆ ಕುಂಟುವುದಿಲ್ಲ?’

ಕಿನುಯೊ ಕನ್ನಡಕ ತೆಗೆದರು.
ಗಾಜಿಗೆ ಮೂಗು ತಾಗುವಷ್ಟು ಬಾಗಿ
‘ಹತ್ತಿಸು’ ಎಂದರು. ಹತ್ತಿಸಿದೆ.
‘ಇಳಿಸು. ಇನ್ನೊಮ್ಮೆ.’
ಏಳು ಸಲ ಗಂಜೊ ಏಣಿ ಹತ್ತಿ ಇಳಿದ,
ನೆಟ್ಟಗೆ, ಹುಡುಗನ ಹಾಗೆ.
‘ಥೂ,’ ಎಂದರು, ‘ಅದು ತಪ್ಪು. ಬರ್ಕೋ.’

ಈ ಆಟದಲ್ಲಿ ಹಿಂದಕ್ಕೆ ದಾರಿಯಿಲ್ಲ.
ದಾಟಿದ ಸೇತುವೆ, ಒಡೆದ ಪೀಪಾಯಿ, ಕೆಡವಿದವರು,
ಎಲ್ಲವನ್ನೂ ಎಡದ ಅಂಚು ನುಂಗುತ್ತ ಬೆನ್ನಿಗೇ ಬರುತ್ತದೆ.
ಎರಡನೇ ಹಂತದಲ್ಲಿ ಆ ಮೀನಂಗಡಿ ಸಿಗುತ್ತದೆ.
ಮುದುಕಿಗೆ ಈಗ ಮೂರು ಚಿತ್ರ:
ಎತ್ತಿದ ಕೈ, ಇಳಿಸಿದ ಕೈ,
ಮೂರನೆಯದರಲ್ಲಿ ಕಾಗದದ ಪೊಟ್ಟಣ.

ನಿನ್ನೆ ಪರೀಕ್ಷೆಯ ನೆವದಲ್ಲಿ
ಗಂಜೊನನ್ನು ಅವಳೆದುರು ನಿಲ್ಲಿಸಿಕೊಂಡು ಕೂತೆ.
ಕೆಳಗೆ ಅಮಾಗಾಸಾಕಿಯ ಮೊದಲ ರೈಲು ಹೋಯಿತು.
ನಿಂತರೆ ಕಾಲು ಎರಡೂ ಸಮ.
ಅದನ್ನೇ ನೋಡುತ್ತಿದ್ದೆ;
ಬಲದಿಂದ ಬಂದವನೊಬ್ಬ ಒಂದೇ ಗುದ್ದಿಗೆ ಕೆಡವಿದ.

ತಪ್ಪು ನನ್ನದು.
ಪಟ್ಟಿಗೆ ಸೇರಿಸಲಿಲ್ಲ.