ತೆಗೆದ ಹಾಳೆ

ಮೊದಲ ಮುದ್ರಣ ಐನೂರು ಪ್ರತಿ.
ಮೂರು ಸಂಪುಟ, ಅಂಗೈಯಗಲ,
ಹೆಸರಿರಬೇಕಾದ ಕಡೆ ‘ಒಬ್ಬ ಸಂಭಾವಿತ’.
ಮಡಚಿದವಳು ನಾನು, ಕೆಝಾಯ,
ಬ್ರಿಸ್ಟಲಿನ ಹಡಗುಕಟ್ಟೆಯ ಹಿಂದೆ, ಪಾಮ್‌ಫ್ರೆಟ್ ಯಜಮಾನನ ಅಟ್ಟದಲ್ಲಿ.
ಮೂಳೆಪಟ್ಟಿಯಿಂದ ಮಡಿಕೆ ತೀಡಿ ತೀಡಿ
ಹೆಬ್ಬೆರಳು ಜಡ್ಡುಗಟ್ಟಿತ್ತು.
ಹಾಳೆಯ ಬುಡದ ಗುರುತುಗಳ ಸರದಿ ಗೊತ್ತು,
ಓದು ಗೊತ್ತಿಲ್ಲ.

ಆರು ವಾರದಲ್ಲಿ ಖಾಲಿ.
ಏಳನೇ ವಾರ ಬಿಷಪ್ಪರು ಪೀಠದಿಂದ ಗುಡುಗಿದರು;
ಎರಡನೇ ಮುದ್ರಣಕ್ಕೆ ಬೇರೆ ಜಾಹೀರಾತು ಬೇಕಾಗಲಿಲ್ಲ.

ಆಮೇಲೆ ನ್ಯಾಯಾಧೀಶರ ಕಾಗದ.
ಯಜಮಾನ ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿದ,
ಮುಖ ಸುಣ್ಣ.
‘ಎರಡನೇ ಸಂಪುಟ, ಎಪ್ಪತ್ತೊಂದನೇ ಪುಟ.
ಆ ಒಂದು ಹಾಳೆ ತೆಗಿ, ಹುಡುಗಿ.
ಉಳಿದ ಅಂಚಿಗೆ ಹೊಸದನ್ನು ಅಂಟಿಸು.’

ಎಂಟುನೂರು ಸಲ ಕೊಯ್ದೆ.
ಹೊಸ ಹಾಳೆಯಲ್ಲೂ ಅದೇ ಮಠ, ಅದೇ ಇರುಳಂತೆ;
ಸಂನ್ಯಾಸಿನಿ ಬಾಗಿಲು ತೆರೆಯುವ ಬದಲು
ಮೊಣಕಾಲೂರಿ ಪ್ರಾರ್ಥಿಸುತ್ತಾಳಂತೆ, ಎರಡೂ ಬದಿ.
ಮೊಳೆ ಜೋಡಿಸುವ ಎನೊಕ್ ಹೇಳಿದ:
‘ಪ್ರಾರ್ಥನೆ ಪುಟ ತುಂಬಲಿಲ್ಲ, ಒಂದು ಮಿಂಚು ಸೇರಿಸಿದೆವು.’

ತೆಗೆದವನ್ನು ಒಲೆಗೆ ಹಾಕೆಂದರು. ಹಾಕಿದೆ,
ಒಂದನ್ನು ಬಿಟ್ಟು.

ಡಬ್ಲಿನ್ನಿನವರು ಕದ್ದು ಅಚ್ಚು ಹಾಕಿದರು, ಹಾಳೆ ಸಮೇತ,
ಪುಟಕ್ಕೆ ಮೂರು ತಪ್ಪು.
ಬಾತ್ ಊರಿನ ಬಾಡಿಗೆ ಪುಸ್ತಕದಂಗಡಿಯಲ್ಲಿ
ಕೊಯ್ಯದ ಪ್ರತಿಗೆ ರಾತ್ರಿಗೊಂದು ಶಿಲ್ಲಿಂಗ್;
ಆ ಪುಟ ಬೆರಳ ಜಿಡ್ಡು ಹಿಡಿದು
ತಾನಾಗಿ ತೆರೆದುಕೊಳ್ಳುತ್ತಿತ್ತಂತೆ.
ಮೂರನೇ ಮುದ್ರಣಕ್ಕೆ ಸಂಭಾವಿತ ಮುನ್ನುಡಿ ಬರೆದ:
ಯೌವನದ ದೋಷ, ತಾಯಿಯ ಕಣ್ಣೀರು, ಇತ್ಯಾದಿ.
ಬೆಲೆ ಆರು ಪೆನ್ಸ್ ಹೆಚ್ಚು.
ನಾಲ್ಕನೆಯದರಲ್ಲಿ ಪಶ್ಚಾತ್ತಾಪವೂ ಇಲ್ಲ, ಮಠವೂ ಇಲ್ಲ,
ನೀಲಿ ಹೊದಿಕೆ, ಮೂವತ್ತಾರು ಪುಟ, ಬರೀ ದೆವ್ವ.
ಸಂತೆಯಲ್ಲಿ ಸೂಜಿದಾರದ ಜೊತೆ ಮಾರಿದರು.

ನನ್ನ ಹಾಳೆ ಹಾಸಿಗೆಯ ಹುಲ್ಲಿನೊಳಗಿತ್ತು.
ಭಾನುವಾರ ಮಧ್ಯಾಹ್ನ ಎನೊಕ್ ಅದರಲ್ಲೇ ಅಕ್ಷರ ಕಲಿಸಿದ,
ಬೇರೆ ಕಾಗದ ಇರಲಿಲ್ಲ.
ನಾನು ಓದಿದ ಮೊದಲ ಪದ ‘ಅಗುಳಿ’.
ಎರಡನೆಯದು ನೀವಂದುಕೊಂಡದ್ದಲ್ಲ: ‘ತಣ್ಣಗೆ’.
ದೀಪ ಹಿಡಿದವಳು ಅಗುಳಿ ಸರಿಸುತ್ತಾಳೆ.
ಹೊರಗೆ ನಿಂತವನ ಕೈ ತಣ್ಣಗಿದೆ.
ಅದನ್ನು ತನ್ನ ಕತ್ತಿಗೆ ಒತ್ತಿಕೊಂಡು ಬೆಚ್ಚಗೆ ಮಾಡುತ್ತಾಳೆ.
ಅಷ್ಟೇ.
ಅಷ್ಟಕ್ಕೆ ಬಿಷಪ್ಪರು.

ಎಪ್ಪತ್ತೆರಡರ ಕೊನೆಗೆ ಒಂದು ಪದ ಅರ್ಧಕ್ಕೆ ನಿಂತಿದೆ,
ಉಳಿದರ್ಧ ಮುಂದಿನ ಪುಟದಲ್ಲಿ.
ಕೇಳೋಣವೆಂದರೆ ಎನೊಕನನ್ನು ನೌಕಾಪಡೆಯವರು
ಹೆಂಡದಂಗಡಿಯಿಂದಲೇ ಎಳೆದೊಯ್ದಿದ್ದರು.
ಆ ಮುಂದಿನ ಪುಟವನ್ನು
ಸಾವಿರದ ಮುನ್ನೂರು ಸಲ ಮಡಚಿದ್ದೇನೆ,
ಇದೇ ಹೆಬ್ಬೆರಳಿನಿಂದ,
ಓದು ಬಾರದ ದಿನಗಳಲ್ಲಿ.